ಆ ನೀರಿನ ಕೆಳಗೆ

ನನ್ನ ಅಣ್ಣನ ಮಗನಿಗೆ ಫೋಟೋ ತೆಗೆಯುವ ಹುಚ್ಚು. ಕೆಲವು ವರ್ಷ ಆಸ್ಟ್ರೇಲಿಯಾದಲ್ಲಿ ನೌಕರಿ ಮಾಡಿ ಬಂದವನು. ರಜೆ ಸಿಕ್ಕಾಗಲೆಲ್ಲ ಆ ದೇಶದ ನಟ್ಟನಡುವಿನ ಮರುಭೂಮಿಗೆ ಹೋಗಿ ತೆಗೆದ ಚಿತ್ರಗಳನ್ನು ಹುನಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಹರಡಿಕೊಂಡು ಕೂತ. ಕೆಂಪು ಮಣ್ಣು, ಕಡುನೀಲಿ ಆಕಾಶ, ನಡುವೆ ಉಲುರು ಎಂಬ ಒಂಟಿ ಬಂಡೆಗುಡ್ಡ. ಬಾದಾಮಿಯ ಬಂಡೆಗಳನ್ನು ನೋಡಿ ಬೆಳೆದ ನಾನೂ ಬೆರಗಾದೆ.

"ಅಲ್ಲೋ, ಒಂದರಾಗೂ ಮನುಷ್ಯಾರ ಇಲ್ಲಲ್ಲ?" ಎಂದೆ.

"ಅದೇ ಅದರ ಚಂದ, ಅತ್ತಿ," ಎಂದ.

ಮರುದಿನ ಮೊದಲ ಬಸ್ಸಿಗೆ ಅವನನ್ನು ಕೂಡಲಸಂಗಮಕ್ಕೆ ಕರೆದೊಯ್ದೆ. ಮಲಪ್ರಭೆ ಕೃಷ್ಣೆಯನ್ನು ಕೂಡುವ ಜಾಗ. 1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ನಿಂತು ಹೊಳೆ ದೊಡ್ಡ ಕೆರೆಯಂತೆ ಹರಡಿಕೊಂಡಿತ್ತು. ಬಸವಣ್ಣನವರ ಐಕ್ಯಮಂಟಪಕ್ಕೆ ನೀರು ನುಗ್ಗದಂತೆ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯಬೇಕು. ಹೊತ್ತು ಮೂಡುತ್ತಿತ್ತು. ಹುಡುಗ ದಂಡೆಯಲ್ಲಿ ಸ್ಟ್ಯಾಂಡ್ ಊರಿ ಕ್ಯಾಮೆರಾ ಹೂಡಿದ. ಅಲ್ಲೊಬ್ಬ ಅಜ್ಜಿ ಸೀರೆ ಸೆಳೆಯುತ್ತಿದ್ದಳು.

"ಯವ್ವಾ, ಒಂದೀಟು ಆ ಕಡೆ ಸರೀರಿ," ಎಂದ.

ಆಕೆ ಒಂದು ಮಾತೂ ಆಡದೆ ಬಕೆಟ್ ಎತ್ತಿಕೊಂಡು ನನ್ನ ಹತ್ತಿರ ಬಂದು ನಿಂತಳು.

"ಏನ್ ತಗೀತಾನ್ರಿ ಅಕ್ಕೋರ?"

"ಹೊಳೀದು, ಆಕಾಶದ್ದು."

"ಆ ನೀರಿನ ಕೆಳಗ ನಮ್ಮ ಹೊಲ ಐತ್ರಿ. ಅದೂ ಬರ್ತೈತೇನು ಫೋಟೋದಾಗ?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದ್ದಳು. ಇಪ್ಪತ್ತು ವರ್ಷಗಳಿಂದ ಶಾಲೆಯ ಮಕ್ಕಳನ್ನು ಇದೇ ದಂಡೆಗೆ ಕರೆತಂದು 'ಪ್ರಕೃತಿ ಸೌಂದರ್ಯ' ಎಂದು ಪ್ರಬಂಧ ಬರೆಸಿದವಳು ನಾನು. ಈ ನೀರು ಮೊದಲು ಏನಾಗಿತ್ತು ಎಂದು ಒಬ್ಬ ಮಗುವನ್ನೂ ಕೇಳಿದವಳಲ್ಲ.

ಬಸ್ಸಿನಲ್ಲಿ ಬರುವಾಗ ಈ ಮಾತು ತೆಗೆದೆ. ಅವನು ಒಪ್ಪಲಿಲ್ಲ. "ಚಿತ್ರ ಅಂದ್ರ ಆರಿಸೋದು, ಅತ್ತಿ. ಎಲ್ಲಾನೂ ಹಾಕಾಕ ಬರಂಗಿಲ್ಲ." ಅದೂ ಸರಿಯೇ. ನಾವು ಬಿಡುವುದಿಲ್ಲವೇ? ಮದುವೆಯ ಆಲ್ಬಮ್ ತೆಗೆದು ನೋಡಿ. ಇಡೀ ದಿನ ಒಲೆಯ ಮುಂದೆ ಬೆಂದ ಹೆಂಗಸರು ಒಂದು ಪುಟದಲ್ಲಾದರೂ ಇರುತ್ತಾರೆಯೇ?

ಫೋಟೋಗೂ ಈ ಬಿಡುವಿಕೆಗೂ ಹಳೆಯ ನಂಟು. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಇಂಗ್ಲಿಷ್ ಸೇನಾಧಿಕಾರಿ ನಮ್ಮ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಚಿತ್ರ ತೆಗೆದ. ಆಗಿನ ಕಾಗದದ ನೆಗೆಟಿವ್ ಮೇಲೆ ಬಿಂಬ ಮೂಡಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಕಲ್ಲು ಕದಲದು, ಮೂಡುತ್ತಿತ್ತು. ಕೊಡ ಹೊತ್ತು ಅಡ್ಡ ಹಾದವಳು ಮೂಡುತ್ತಿರಲಿಲ್ಲ. ಆದರೆ ಐಹೊಳೆಯ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದರು. ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಹಿಂದೆ ಅದರಲ್ಲಿ ವಾಸವಾಗಿದ್ದವನಿಂದಲೇ. ಚಿತ್ರ ಬಿಟ್ಟದ್ದನ್ನು ಹೆಸರು ಹಿಡಿದಿಟ್ಟುಕೊಂಡಿದೆ.

"ನಿನ್ನ ಆ ಕೆಂಪು ಬಯಲು ನಿಜವಾಗ್ಲೂ ಖಾಲಿ ಐತೇನೋ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಅತ್ತಿ," ಎಂದ. ಉಲುರು ಅಲ್ಲಿಯ ಅನಂಗು ಜನರಿಗೆ ಪವಿತ್ರ. ಕೆಲವು ಜಾಗಗಳಲ್ಲಿ ಫೋಟೋ ತೆಗೆಯಬೇಡಿ ಎಂದು ಅವರು ಬೋರ್ಡ್ ಹಾಕಿದ್ದಾರಂತೆ. 2019ರಿಂದ ಬಂಡೆ ಹತ್ತುವುದೂ ನಿಂತಿದೆ. ಬಿಳಿಯರು ಬಂದಾಗ ಆ ನೆಲ ಯಾರದೂ ಆಗಿರಲಿಲ್ಲ ಎಂಬ ವಾದ ಎಷ್ಟೋ ಕಾಲ ನಡೆದುಬಂತು. ಆ ದೇಶದ ಅತ್ಯುನ್ನತ ನ್ಯಾಯಾಲಯ ಅದನ್ನು ತಳ್ಳಿಹಾಕಿದ್ದು 1992ರಲ್ಲಿ, ಮಾಬೊ ಮೊಕದ್ದಮೆಯಲ್ಲಿ. ನೆಲ ಖಾಲಿ ಎಂದು ನಂಬಿದರೆ ಅದನ್ನು ತೆಗೆದುಕೊಳ್ಳುವುದು ಎಷ್ಟು ಹಗುರ ನೋಡಿ.

ಹಾಗೆಂದು ನಾನು ಈ ನೀರನ್ನು ಶಪಿಸಲಾರೆ. ಇದೇ ನೀರು ಕಾಲುವೆಯಲ್ಲಿ ಹರಿದು ಸುರಪುರ, ಶಹಾಪುರದ ಒಣಹೊಲಗಳನ್ನು ಹಸಿರು ಮಾಡಿದೆ. ಆ ಕಡೆಯ ತಾಯಂದಿರ ಉಣ್ಣುವ ಅನ್ನವೂ ಸುಳ್ಳಲ್ಲ. ಬೆಳಗಿನ ಬಿಸಿಲಲ್ಲಿ ಸಂಗಮ ಚಂದ ಕಂಡರೆ ಅದೂ ತಪ್ಪಲ್ಲ. ಆದರೆ ಇನ್ನೊಬ್ಬರು ಕಳೆದುಕೊಂಡದ್ದರ ಮೇಲೆ ನಿಂತ ಚಂದವನ್ನು ನೋಡಿ ಸುಖಪಡಬಹುದೇ ಎಂದು ಯಾರಾದರೂ ಕೇಳಿದರೆ, ನೋಡಬಹುದು ಎನ್ನುತ್ತೇನೆ. ಆದರೆ ಅಲ್ಲಿ ಏನೂ ಇರಲಿಲ್ಲ ಎಂದು ಹೇಳುವ ಹಕ್ಕು ನಮಗಿಲ್ಲ. ಚೌಕಟ್ಟಿನಿಂದ ಬಿಟ್ಟದ್ದನ್ನು ಮನಸ್ಸಿನಿಂದಲೂ ಬಿಟ್ಟಾಗ ತಪ್ಪು ಶುರುವಾಗುತ್ತದೆ.

ಊರಿಗೆ ಹೋದ ಮೇಲೆ ಹುಡುಗ ಆ ಬೆಳಗಿನ ಚಿತ್ರದ ಪ್ರತಿ ಕಳಿಸಿದ. ಬಂಗಾರದ ನೀರು, ಯಾರೂ ಇಲ್ಲ. ಚಂದವಾಗಿದೆ, ಸುಳ್ಳು ಹೇಳಲಾರೆ. ತರಗತಿಯ ಗೋಡೆಗೆ ತೂಗುಹಾಕಿದ್ದೇನೆ. ಕೆಳಗೆ ನನ್ನ ಕೈಯಾರೆ ಒಂದು ಸಾಲು ಬರೆದಿದ್ದೇನೆ: "ಈ ನೀರಿನ ಕೆಳಗೆ ಒಬ್ಬ ಅಜ್ಜಿಯ ಹೊಲ ಇದೆ." ಮಕ್ಕಳು ಓದಿ, "ಯಾರ ಅಜ್ಜೀದ್ರಿ ಅಕ್ಕೋರ?" ಎಂದು ಕೇಳುತ್ತಾರೆ. ಅವಳ ಹೆಸರು ಕೇಳಬೇಕೆಂದು ಅಂದು ನನಗೂ ಹೊಳೆಯಲಿಲ್ಲ.