ಔಷಧಕ್ಕೆ ಪಾತ್ರರು ಯಾರು?

ದಾನ ಮಾಡುವಾಗ ಪಾತ್ರಾಪಾತ್ರ ವಿವೇಚನೆ ಇರಬೇಕೆಂದು ಹಿರಿಯರು ಹೇಳುತ್ತಾರೆ. ಆದರೆ ಹಸಿದವನಿಗೆ ಅನ್ನವಿಕ್ಕುವಾಗ ಅವನ ಹಸಿವೇ ಅವನ ಪಾತ್ರತೆ. ಅಲ್ಲಿ ಕುಲಶೀಲಗಳ ವಿಚಾರಣೆಯಿಲ್ಲ. ಔಷಧವೂ ಹಾಗೆಯೇ ಅಲ್ಲವೇ? ಹೌದೆನ್ನುವ ನಾವೇ ಮಾದಕ ವ್ಯಸನಿಯೊಬ್ಬನು ಎದುರಾದಾಗ ಹಿಂಜರಿಯುತ್ತೇವೆ. 'ತಾನಾಗಿ ತಂದುಕೊಂಡ ರೋಗ. ಮೊದಲು ಚಟ ಬಿಡಲಿ, ಆಮೇಲೆ ನೋಡೋಣ' ಎಂದುಬಿಡುತ್ತೇವೆ.

ಈ ಮಾತಿನಲ್ಲಿ ಕ್ರಮವೇ ತಲೆಕೆಳಗಾಗಿದೆ. ಹೆರಾಯಿನ್‌ಗೆ ಒಗ್ಗಿದ ದೇಹವು ಅದು ದೊರೆಯದಿದ್ದಾಗ ಮೈಕೈ ನೋವು, ವಾಂತಿ, ಭೇದಿ, ನಿದ್ರಾಹೀನತೆಗಳಿಂದ ನರಳುತ್ತದೆ. ಆ ಯಾತನೆಯ ನಡುವೆ ಬರಿಯ ಮನೋಬಲವನ್ನು ನೆಚ್ಚಿಕೊಳ್ಳೆಂಬುದು, ಕಾಲು ಮುರಿದವನಿಗೆ ನಡೆದು ಬಾ ಎಂದಂತೆ.

ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ಸಂಸ್ಥೆಯು ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ನಮ್ಮ ದೇಶದಲ್ಲಿ ಮಾದಕ ದ್ರವ್ಯವನ್ನು ಸೂಜಿಯಿಂದ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಒಬ್ಬರ ಸೂಜಿಯನ್ನು ಇನ್ನೊಬ್ಬರು ಬಳಸುವುದರಿಂದ ಎಚ್.ಐ.ವಿ., ಹೆಪಟೈಟಿಸ್ ಸಿ ಹರಡುತ್ತವೆ. ಚುಚ್ಚಿದ ಜಾಗ ಕೀವುಗಟ್ಟುತ್ತದೆ. ಆದರೂ ಬೈಗುಳಕ್ಕೆ, ಪೊಲೀಸರಿಗೆ, ದಿನಗೂಲಿ ತಪ್ಪೀತೆಂಬುದಕ್ಕೆ ಅಂಜಿ ಅನೇಕರು ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಜನರು ಬಾಳುವ, ದುಡಿಯುವ ಸ್ಥಳಕ್ಕೆ ಆರೋಗ್ಯಸೇವೆಯು ಆದಷ್ಟು ಸಮೀಪವಿರಬೇಕೆಂದು 1978ರ ಆಲ್ಮಾ ಅಟಾ ಘೋಷಣೆ ಸಾರಿತು. ಈ ತತ್ತ್ವಕ್ಕೆ ಅನುಗುಣವಾಗಿ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವು ಪೂರ್ವ ದೆಹಲಿಯ ತ್ರಿಲೋಕಪುರಿಯಂತಹ ಬಡಾವಣೆಗಳಲ್ಲಿಯೇ ಚಿಕಿತ್ಸಾಲಯಗಳನ್ನು ನಡೆಸಿಕೊಂಡು ಬಂದಿದೆ. ಇಂತಹ ಚಿಕಿತ್ಸೆಯಲ್ಲಿ ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಎಂಬ ಗುಳಿಗೆಗೆ ಮುಖ್ಯ ಸ್ಥಾನವಿದೆ. 'ಒಂದು ಅಮಲಿಗೆ ಬದಲು ಇನ್ನೊಂದು ಅಮಲೇ?' ಎಂಬ ಆಕ್ಷೇಪ ಸಹಜ. ಆದರೆ ವೈದ್ಯರು ಅಳೆದು ಕೊಡುವ ಈ ಔಷಧವು ಯಾತನೆಯನ್ನೂ ಹಂಬಲವನ್ನೂ ತಗ್ಗಿಸುತ್ತದೆ. ರೋಗಿಯು ಸೂಜಿಯಿಂದ ದೂರವಾಗಿ ಕೆಲಸಕ್ಕೆ, ಸಂಸಾರಕ್ಕೆ ಮರಳಲು ಅವಕಾಶವಾಗುತ್ತದೆ.

ಹೀಗೆ ಮಾಡುವುದು ತಪ್ಪನ್ನು ಒಪ್ಪಿಕೊಂಡಂತೆ ಆಗದೇ? ಆಗದು. ಚಿಕಿತ್ಸೆಯು ಅವನ ಹೊಣೆಯನ್ನು ಅಳಿಸುವುದಿಲ್ಲ. ಆ ಹೊಣೆಯನ್ನು ಹೊರಲು ಅವನನ್ನು ಉಳಿಸುತ್ತದೆ. ಪಶ್ಚಾತ್ತಾಪಕ್ಕೂ ಪರಿವರ್ತನೆಗೂ ಮೊದಲು ಮನುಷ್ಯನು ಬದುಕಿರಬೇಕಷ್ಟೆ.

ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ನಮಗೆ 'ನಾಲ್ಕು ಜನ ಏನೆಂದಾರು' ಎಂಬ ಅಳುಕು ಹೆಚ್ಚು. ಮಗನಿಗೆ ಮಧುಮೇಹವೆಂದರೆ ನೆಂಟರಿಗೆಲ್ಲ ತಿಳಿಸಿ ಸಲಹೆ ಕೇಳುತ್ತೇವೆ. ವ್ಯಸನವೆಂದರೆ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಆ ಮುಚ್ಚಿದ ಬಾಗಿಲಿನ ಹಿಂದೆ ರೋಗ ಬಲಿಯುತ್ತದೆ. ನೆರೆಮನೆಯಲ್ಲಿ ಅಂತಹ ಸಂಕಟವಿದೆಯೆಂದು ತಿಳಿದಾಗ ಪಿಸುಮಾತಿಗೆ ಎಡೆಗೊಡದೆ, 'ವೈದ್ಯರಲ್ಲಿಗೆ ನಾನೂ ಜೊತೆಗೆ ಬರುತ್ತೇನೆ' ಎಂದರೆ ಸಾಕು. ಸಮುದಾಯದ ಚಿಕಿತ್ಸೆ ಅಲ್ಲಿಂದಲೇ ಆರಂಭವಾಗುತ್ತದೆ.