‘ಇತರೆ ಸುಸ್ತು’

ಅಮೆರಿಕದ ಆಸ್ಪತ್ರೆಗಳ ಕಡತಗಳನ್ನು ಬೆಂಗಳೂರಿನಲ್ಲಿ ಕೂತು ಓದುವುದು ನನ್ನ ಕೆಲಸ. ವೈದ್ಯರ ಟಿಪ್ಪಣಿಯನ್ನು ವಿಮೆ ಕಂಪನಿಗೆ ಬೇಕಾದ ಕೋಡುಗಳಾಗಿ ಬದಲಿಸಬೇಕು. ರೋಗಿಯ ಮುಖ ಕಾಣುವುದಿಲ್ಲ, ಟಿಪ್ಪಣಿಯಷ್ಟೇ.

ನಮ್ಮ ಮಾತಿನಲ್ಲಿ ದಣಿವು ಬೇರೆ, ನಿತ್ರಾಣ ಬೇರೆ. ಗದ್ದೆಯಿಂದ ಬಂದವರದು ದಣಿವು, ಜ್ವರ ಬಿಟ್ಟೆದ್ದವರದು ನಿತ್ರಾಣ. ಏನೂ ಮಾಡದೆಯೂ ಕೈಕಾಲು ಏಳದಿದ್ದರೆ ಸುಸ್ತು. ಕೋಡ್ ಪುಸ್ತಕವೂ ತನ್ನ ರೀತಿಯಲ್ಲಿ ವಿಂಗಡಿಸುತ್ತದೆ: ನಿಶ್ಶಕ್ತಿಗೆ ಆರ್53.1, ದೀರ್ಘಕಾಲದ ಸುಸ್ತಿಗೆ ಆರ್53.82. ಬೇರೆಲ್ಲೂ ಸೇರದ್ದು ಆರ್53.83, ‘ಇತರೆ ಸುಸ್ತು’.

ನಾವು ಊಹಿಸುವಂತಿಲ್ಲ. ಹಿಮೋಗ್ಲೋಬಿನ್ 8 ಎಂದು ವರದಿಯಲ್ಲಿ ಕಣ್ಣಿಗೆ ಹೊಡೆಯುತ್ತಿದ್ದರೂ ವೈದ್ಯರು ‘ರಕ್ತಹೀನತೆ’ ಎಂದು ಬರೆಯದಿದ್ದರೆ ನಾನೂ ಬರೆಯಬಾರದು. ಅವರು ಬರೆದರೋ, ಸುಸ್ತು ಕೋಡುಗಳ ಸಾಲಿನಿಂದಲೇ ಮಾಯ. ರೋಗದ ಸಹಜ ಲಕ್ಷಣಕ್ಕೆ ಬೇರೆ ಕೋಡ್ ಕೊಡುವುದಿಲ್ಲ. ಹಾಗಾಗಿ ಸುಸ್ತಿನ ಕೋಡ್ ಬಹುಪಾಲು ಉಳಿಯುವುದು ಕಾರಣ ಸಿಗದವರ ಪಾಲಿಗೆ.

ಇನ್ನೊಂದು ವಿಚಿತ್ರ. ವಾರ್ಡಿನಲ್ಲಿದ್ದು ಬಿಡುಗಡೆಯಾಗುವವರ ಬಗ್ಗೆ ‘ಬಹುಶಃ ಇಂಥ ರೋಗ’ ಎಂದು ವೈದ್ಯರು ಬರೆದರೆ, ಆ ರೋಗ ಇದೆಯೆಂದೇ ಕೋಡ್ ಮಾಡುತ್ತೇವೆ. ಹೊರರೋಗಿಗೆ ಹಾಗೆ ಕೂಡದು, ಲಕ್ಷಣವನ್ನಷ್ಟೇ ಹಾಕಬೇಕು. ಅನುಮಾನ ಒಂದೇ, ಹಾಸಿಗೆ ಸಿಕ್ಕವರಿಗೆ ರೋಗ, ಸಿಗದವರಿಗೆ ಬರೀ ಸುಸ್ತು!

ಆದರೂ ಹೊರರೋಗಿಯ ನಿಯಮವೇ ಸರಿ ಎನ್ನುವವನು ನಾನು. ಖಚಿತವಿಲ್ಲದ ರೋಗದ ಹೆಸರು ಒಮ್ಮೆ ಅಂಟಿದರೆ ಮುಂದಿನ ವೈದ್ಯರೂ ಅದನ್ನೇ ನಂಬಿಬಿಡಬಹುದು. ‘ಇನ್ನೂ ಗೊತ್ತಿಲ್ಲ’ ಎನ್ನಲು ಒಂದು ಸಂಖ್ಯೆ ಇರುವುದು ಪ್ರಾಮಾಣಿಕತೆ. ನನ್ನನ್ನು ಕಾಡುವುದು ಆ ಸಂಖ್ಯೆಯನ್ನು ಓದುವ ರೀತಿ. ‘ಕಾರಣ ತಿಳಿದಿಲ್ಲ’ ಎಂಬುದನ್ನು ‘ಕಾರಣವೇ ಇಲ್ಲ’ ಎಂದು, ಇನ್ನೂ ಮುಂದೆ ಹೋಗಿ ‘ನಾಟಕ’ ಎಂದು ಓದುವವರಿದ್ದಾರೆ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರುವವರು ಇದನ್ನು ದಶಕಗಳ ಕಾಲ ಅನುಭವಿಸಿದರು. ಅಮೆರಿಕದ ಪಟ್ಟಿಯಲ್ಲಿ ಆ ಹೆಸರು ಲಕ್ಷಣಗಳ ಅಧ್ಯಾಯದಲ್ಲಿ, ಆರ್53.82ರಡಿ ಬಿದ್ದಿತ್ತು. 2022ರ ಅಕ್ಟೋಬರ್ 1ರಿಂದ ಅದಕ್ಕೆ ನರಮಂಡಲದ ರೋಗಗಳ ನಡುವೆ ಜಿ93.32 ಎಂಬ ಜಾಗ ಸಿಕ್ಕಿತು. ಸೆಪ್ಟೆಂಬರ್ 30ರ ರಾತ್ರಿ ಮಲಗಿದವರ ದೇಹದಲ್ಲಿ ಬೆಳಗಾಗುವಷ್ಟರಲ್ಲಿ ಏನೂ ಬದಲಾಗಿರಲಿಲ್ಲ.

‘ಸುಸ್ತು ಎನ್ನುತ್ತಾರೆ’ ಎಂಬಷ್ಟಕ್ಕೇ ಮುಗಿಯುವ ಟಿಪ್ಪಣಿಗಳು ಈಗಲೂ ಬರುತ್ತವೆ. ಅಸ್ಪಷ್ಟವಾಗಿದ್ದರೆ ವೈದ್ಯರಿಗೆ ಪ್ರಶ್ನೆ ಕಳಿಸಬಹುದು. ಆದರೆ ಉತ್ತರವನ್ನು ಅವರ ಬಾಯಿಗೆ ತುರುಕಬಾರದು. ನಾನು ಕಳಿಸುತ್ತೇನೆ: ಎಷ್ಟು ದಿನದಿಂದ? ಕಾರಣವೇನಾದರೂ ಕಂಡಿದೆಯೇ? ಕೆಲವರು ಉತ್ತರಿಸುತ್ತಾರೆ. ಉಳಿದವರ ಕಡತಕ್ಕೆ ಆರ್53.83 ಹಾಕಿ ಮುಂದಿನದನ್ನು ತೆರೆಯುತ್ತೇನೆ.