ಗುಂಡಿಯ ಹಿಂದಿನ ಗುಂಡಿ

ಚಿಕ್ಕಮಗಳೂರಿನಲ್ಲಿ ಆ ವರ್ಷ ಹಿಡಿದ ಮಳೆ ಬಿಡಲೇ ಇಲ್ಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತ ತೂಗುತ್ತಿತ್ತು. ತಂಗಿ ತನ್ನ ಎಂಟು ತಿಂಗಳ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಮಗುವಿಗೆಂದು ನಾನು 10ನೇ ನಂಬರಿನ ಕಡ್ಡಿ ಹಿಡಿದು, ನಾಲ್ಕೆಳೆ ಉಣ್ಣೆಯಲ್ಲಿ ಹಳದಿ ಸ್ವೆಟರ್ ಹೆಣೆದೆ. ಬೆಳೆಯುವ ಮಗು ಅಲ್ಲವೇ, ದೊಡ್ಡದಾಗಿಯೇ ಹೆಣೆದಿದ್ದೆ. ತೋಳನ್ನು ಮೂರು ಮಡಿಕೆ ಮಡಚಬೇಕಿತ್ತು. ಪೇಟೆಯೆಲ್ಲ ಸುತ್ತಿ ಬಾತುಕೋಳಿಯ ಚಿತ್ರವಿದ್ದ ಐದು ಗುಂಡಿ ತಂದೆ. ಬಿದ್ದು ಹೋಗಬಾರದೆಂದು ನೈಲಾನ್ ದಾರದಲ್ಲಿ, ಸೂಜಿ ತೂರದಷ್ಟು ಸಲ ಹೊಲಿದು, ಹಿಂದೆ ಗಂಟಿನ ಮೇಲೆ ಗಂಟು ಹಾಕಿದೆ. ನೋಡಿದವರೆಲ್ಲ ಮೊದಲು ಹೊಗಳಿದ್ದು ಗುಂಡಿಯನ್ನೇ.

ನಾಲ್ಕನೇ ದಿನ ಮಗು ಮುಷ್ಟಿ ಬಿಗಿಹಿಡಿದು ಬಾಯಿಯ ಕಡೆಗೆ ಒಯ್ಯುತ್ತಿತ್ತು. ನಮ್ಮ ಸೋದರತ್ತೆಗೆ ಎಪ್ಪತ್ತು ದಾಟಿತ್ತು, ಆದರೆ ಕಣ್ಣು ಚುರುಕು. ಬಾಯಿಗೆ ಮುಟ್ಟುವ ಮೊದಲೇ ಮುಷ್ಟಿ ಬಿಡಿಸಿದರು. ಒಳಗೊಂದು ಬಾತುಕೋಳಿ. ನನ್ನ ಎದೆ ಧಸಕ್ಕೆಂದಿತು.

"ದಾರ ಸಡಿಲ ಆಗಿರಬೇಕು ಅತ್ತೆ," ಎಂದೆ. ಅವರು ಗುಂಡಿಯನ್ನು ನನ್ನ ಅಂಗೈಗೆ ಹಾಕಿದರು. ನಾಲ್ಕು ತೂತುಗಳಲ್ಲೂ ದಾರ ಹಾಗೇ ಇತ್ತು. ಗಂಟೂ ಇತ್ತು. ಗಂಟಿಗೆ ಅಂಟಿಕೊಂಡು ಒಂದು ಚೂರು ಹಳದಿ ಉಣ್ಣೆಯಿತ್ತು. ದಾರ ಹರಿದಿರಲಿಲ್ಲ, ಹರಿದದ್ದು ಸ್ವೆಟರ್.

"ದಾರ ಗಟ್ಟಿ ಇದೆಯಾ ಅಂತ ನೋಡ್ದೆ. ಅದನ್ನ ತಡ್ಕೊಳ್ಳೋದು ಗಟ್ಟಿ ಇದೆಯಾ ಅಂತ ನೋಡ್ಲಿಲ್ಲವಲ್ಲೇ," ಎಂದರು ಅತ್ತೆ.

ಮಗ್ಗದ ಬಟ್ಟೆಯ ಸ್ವಭಾವ ಬೇರೆ. ಅಲ್ಲಿ ಹಾಸು ಹೊಕ್ಕಿನ ದಾರಗಳು ಒತ್ತೊತ್ತಾಗಿ ಕೂತಿರುತ್ತವೆ. ಗುಂಡಿ ಎಳೆದರೆ ಸುತ್ತಲಿನ ಹತ್ತಾರು ದಾರಗಳು ಆ ಎಳೆತಕ್ಕೆ ಹೆಗಲು ಕೊಡುತ್ತವೆ. ಹೆಣಿಗೆ ಹಾಗಲ್ಲ. ಒಂದೇ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗಿ ಬಟ್ಟೆಯಾಗಿರುತ್ತದೆ. ಅದಕ್ಕೇ ಅದು ಮೈಗೆ ತಕ್ಕ ಹಾಗೆ ಹಿಗ್ಗುತ್ತದೆ, ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡುತ್ತದೆ. ಆ ಮೃದುತನಕ್ಕೆ ತೆರಬೇಕಾದ ಬೆಲೆಯೂ ಇದೆ. ಸಣ್ಣ ಗಂಟಾದರೆ ಕುಣಿಕೆಗಳ ಸಂದಿನಿಂದ ನುಸುಳಿ ಬರುತ್ತದೆ. ದೊಡ್ಡ ಗಂಟು, ಗಟ್ಟಿ ದಾರವಾದರೆ ಎಳೆದಾಗಲೆಲ್ಲ ಉಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಕೊಯ್ಯುತ್ತದೆ. ಒಂದು ಕುಣಿಕೆ ತುಂಡಾಯಿತೋ, ಅದನ್ನು ನಂಬಿದ್ದ ಪಕ್ಕದ್ದೂ ಬಿಟ್ಟುಕೊಳ್ಳುತ್ತದೆ.

ಅತ್ತೆ ತಮ್ಮ ಬಿಸ್ಕತ್ತಿನ ಡಬ್ಬಿ ತೆಗೆದರು. ಮೊದಲು ಬಿಟ್ಟ ಕುಣಿಕೆಯನ್ನು ಕ್ರೋಶಾ ಕಡ್ಡಿಯಿಂದ ಎತ್ತಿ, ತೂತು ಮುಚ್ಚಿದರು. ಉಳಿದಿದ್ದ ಅದೇ ಹಳದಿ ಉಣ್ಣೆಯಲ್ಲಿ ಮೊಳದುದ್ದ ಕತ್ತರಿಸಿ, ಹುರಿ ಬಿಚ್ಚಿ, ನಾಲ್ಕರಲ್ಲಿ ಎರಡೆಳೆ ಬೇರ್ಪಡಿಸಿ ಬೆರಳ ತುದಿಯಲ್ಲಿ ಮತ್ತೆ ಹೊಸೆದರು. ಉಣ್ಣೆಗೆ ಉಣ್ಣೆಯದೇ ದಾರ. ಗಂಟು ಹಾಕಲಿಲ್ಲ, ಕುಣಿಕೆಯ ಸಂದಿಯನ್ನು ಬಿಟ್ಟು, ನೂಲಿನ ಮೈಯನ್ನೇ ಚುಚ್ಚಿಕೊಂಡು ಎರಡು ಮೂರು ಸಲ ಸೂಜಿ ಓಡಿಸಿದರು. ಆಮೇಲೆ ಡಬ್ಬಿಯಿಂದ ತೆಗೆದದ್ದು ಮಾವನ ಹಳೆಯ ಶರ್ಟಿನಿಂದ ಬಿಚ್ಚಿಟ್ಟಿದ್ದ ಪುಟ್ಟ ಬಿಳಿ ಗುಂಡಿ. ಪಟ್ಟಿಯ ಹೊರಗೆ ಬಾತುಕೋಳಿ, ಒಳಗೆ ಶರ್ಟಿನ ಗುಂಡಿ. ಎರಡರ ತೂತುಗಳನ್ನೂ ಎದುರುಬದುರು ಹಿಡಿದು ಒಟ್ಟಿಗೇ ಹೊಲಿದರು. ಈಗ ಎಷ್ಟೇ ಎಳೆದರೂ ಎಳೆತ ಒಂದು ಕುಣಿಕೆಯ ಮೇಲೆ ಬೀಳದು. ಒಳಗಿನ ಗುಂಡಿಯ ಅಗಲಕ್ಕೆ ಹಂಚಿಹೋಗುತ್ತದೆ.

ಹೊಲಿಯುವಾಗ ಬಾತುಕೋಳಿಯ ಕೆಳಗೆ ಒಂದು ಬೆಂಕಿಕಡ್ಡಿ ಇಟ್ಟಿದ್ದರು. ಹೊಲಿದಾದ ಮೇಲೆ ಕಡ್ಡಿಯನ್ನು ಎಳೆದುಬಿಟ್ಟರು. ಗುಂಡಿ ಸ್ವಲ್ಪ ಮೇಲೆದ್ದು ನಿಂತಿತು. ಆ ಸಡಿಲಕ್ಕೆ ದಾರವನ್ನು ಐದಾರು ಸುತ್ತು ಸುತ್ತಿ ಕತ್ತು ಮಾಡಿದರು. "ಕಾಜಾ ಪಟ್ಟಿ ದಪ್ಪ ಇಲ್ವಾ? ಅದು ಬಂದು ಕೂರೋಕೆ ಜಾಗ ಬೇಕು. ಅಂಟಿಸಿದ ಹಾಗೆ ಹೊಲಿದ್ರೆ ಹಾಕೋವಾಗೊಮ್ಮೆ ಎಳೆದಾಟ, ಬಿಚ್ಚೋವಾಗೊಮ್ಮೆ ಎಳೆದಾಟ."

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ಆ ರಾತ್ರಿ ನಿದ್ದೆ ಬರಲಿಲ್ಲ. ಕಾಫಿ ತೋಟದ ಲೈನ್ ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗ ನೆನಪಾದ. ಲೆಕ್ಕದಲ್ಲಿ ಬಲು ಚುರುಕು. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ತೆಗೆಸಿಯೇ ಬಿಡುತ್ತೇನೆಂದು ಹಟ ತೊಟ್ಟು ಬೆಳಿಗ್ಗೆ ಒಂದು, ಸಂಜೆ ಒಂದು ಸ್ಪೆಷಲ್ ಕ್ಲಾಸಿಗೆ ಕೂರಿಸಿದೆ. ತಪ್ಪಿಸಿದ ದಿನ ಎಲ್ಲರೆದುರು ಗದರಿದೆ. ಸಂಜೆ ಅವನು ಮನೆಗೆ ಹೋಗದಿದ್ದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಯಾರೆಂದು ಕೇಳಲಿಲ್ಲ. ಕತ್ತಲಲ್ಲಿ ತೋಟದ ದಾರಿ ಎಷ್ಟು ದೂರವೆಂದೂ ಕೇಳಲಿಲ್ಲ. ಡಿಸೆಂಬರ್ ಹೊತ್ತಿಗೆ ಅವನು ಸ್ಪೆಷಲ್ ಕ್ಲಾಸಿಗಿರಲಿ, ಶಾಲೆಗೇ ಬರುವುದನ್ನು ಬಿಟ್ಟ. "ಎಷ್ಟು ಮಾಡಿದರೂ ಅಷ್ಟೇ, ಇವರು ಉಳಿಯೋದಿಲ್ಲ," ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಿದ್ದೆ.

ನನ್ನ ಕಾಳಜಿಯಲ್ಲಿ ಕೊರತೆ ಇರಲಿಲ್ಲ, ನಿಜ. ದಾರ ಗಟ್ಟಿಯಾಗಿಯೇ ಇತ್ತು. ಆ ಹುಡುಗನಿಗೆ ಬೇಕಿದ್ದದ್ದು ಇನ್ನೊಂದು ಗಂಟಲ್ಲ, ಹಿಂಬದಿಯಲ್ಲೊಂದು ಆಸರೆ. ಒಂದು ಭಾನುವಾರ ಅವನ ತಾಯಿಯ ಹತ್ತಿರ ಹೋಗಿ ಮಾತಾಡಬಹುದಿತ್ತು; ಹಾಸ್ಟೆಲಿಗೆ ಅರ್ಜಿ ಬರೆದುಕೊಡಬಹುದಿತ್ತು. ಇವು ಯಾರಿಗೂ ಕಾಣುವ ಕೆಲಸಗಳಲ್ಲ. ಕಾಣುತ್ತಿದ್ದದ್ದು ನೂರಕ್ಕೆ ನೂರು, ಶಾಲೆಯ ಗೋಡೆಯ ಮೇಲೆ ಬರೆಯಬಹುದಾದ ಬಾತುಕೋಳಿ.

ದಾರವೊಂದೇ ಗಟ್ಟಿಯಿದ್ದ ಕಥೆ ಸ್ವೆಟರಿನ ಹೆಸರಿನಲ್ಲೂ ಇದೆ. ಮುಂಭಾಗದಲ್ಲಿ ಗುಂಡಿಯಿರುವ ಸ್ವೆಟರನ್ನು ಕಾರ್ಡಿಗನ್ ಎನ್ನುತ್ತಾರಲ್ಲ, ಅದು ಒಬ್ಬ ಇಂಗ್ಲಿಷ್ ಸೇನಾನಿಯ ಹೆಸರು. 1854ರ ಅಕ್ಟೋಬರ್ 25ರಂದು ಕ್ರೈಮಿಯಾದ ಬಾಲಕ್ಲಾವದಲ್ಲಿ ಅರ್ಲ್ ಆಫ್ ಕಾರ್ಡಿಗನ್ ಸುಮಾರು 670 ಕುದುರೆ ಸವಾರರನ್ನು ನೇರ ರಷ್ಯನ್ ಫಿರಂಗಿಗಳ ಬಾಯಿಗೇ ನಡೆಸಿಕೊಂಡು ಹೋದ. ಮೇಲಿನಿಂದ ಬಂದ ಆಜ್ಞೆ ಅಸ್ಪಷ್ಟವಾಗಿತ್ತು. ಪಾಲನೆ ಮಾತ್ರ ಚಾಚೂ ತಪ್ಪಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಮಂಕಿ ಕ್ಯಾಪಿಗೆ ಇಂಗ್ಲಿಷರು ಇಟ್ಟ ಹೆಸರೂ ಆ ಊರಿನದೇ, ಬಾಲಕ್ಲಾವ. ಶಿಸ್ತಿನ ದಾರ ಕೊನೆಯವರೆಗೂ ಹರಿಯದೆ ಉಳಿದ ಆ ದಿನದ ಹೆಸರುಗಳನ್ನು ಇಂದು ಇಷ್ಟು ಮೆತ್ತಗಿನ ಬಟ್ಟೆಗಳು ಹೊತ್ತಿವೆ.

ಹೊಲಿಗೆ ಬಲ್ಲವರು ಇನ್ನೊಂದು ಮಾತು ಹೇಳುತ್ತಾರೆ: ದಾರ ಯಾವಾಗಲೂ ಬಟ್ಟೆಗಿಂತ ಒಂದು ತೂಕ ಕಡಿಮೆ ಗಟ್ಟಿ ಇರಬೇಕು. ಎಳೆತ ಮಿತಿಮೀರಿದರೆ ಹರಿಯಬೇಕಾದದ್ದು ದಾರ. ಗುಂಡಿಯನ್ನು ಮತ್ತೆ ಹೊಲಿಯಬಹುದು, ಹರಿದ ಹೆಣಿಗೆಯನ್ನು ಮೊದಲಿನಂತೆ ಮಾಡುವುದು ಕಷ್ಟ. ಮನೆಯ ಫ್ಯೂಸ್ ತಂತಿಯ ಧರ್ಮವೂ ಇದೇ. ಮಾತಿಗೆ ಮಾತು ಬೆಳೆದಾಗ ನನ್ನ ಹಟ ಮೊದಲು ಹರಿಯಲಿ, ಎದುರಿನವರ ಮನಸ್ಸು ಹರಿಯದಿರಲಿ ಎಂದುಕೊಳ್ಳುವುದನ್ನು ನಾನು ಕಲಿಯಲು ತೊಡಗಿದ್ದು ಆಮೇಲೆಯೇ. ಇನ್ನೂ ಪೂರ್ತಿ ಬಂದಿಲ್ಲ.

ಆದರೆ ಮಗುವಿನ ಸ್ವೆಟರಿಗೆ ಈ ನ್ಯಾಯ ಸಾಲದು. ಅಲ್ಲಿ ಹರಿದ ದಾರವೂ ಅಪಾಯವೇ. ಯುರೋಪಿನಲ್ಲಿ ಪುಟ್ಟ ಮಕ್ಕಳ ಆಟಿಕೆಯ ಬಿಡಿಭಾಗಗಳನ್ನು ಸುಮಾರು 9 ಕಿಲೋ ತೂಗುಹಾಕಿದಷ್ಟು ಬಲದಿಂದ 10 ಸೆಕೆಂಡ್ ಎಳೆದು ನೋಡುತ್ತಾರೆ. ಅಮೆರಿಕದಲ್ಲಿ 31.7 ಮಿಲಿಮೀಟರ್ ಅಗಲದ ಒಂದು ಕೊಳವೆಯಿದೆ. ಆಟಿಕೆಯಿಂದ ಕಳಚಿದ ಚೂರು ಅದರೊಳಗೆ ಪೂರ್ತಿ ಹಿಡಿಸಿದರೆ ಆ ಆಟಿಕೆ ಮೂರು ವರ್ಷದೊಳಗಿನ ಮಕ್ಕಳಿಗೆ ಸಲ್ಲದು. ನನ್ನ ಬಾತುಕೋಳಿ ಅದರ ಅರ್ಧದಷ್ಟೂ ಇರಲಿಲ್ಲ.

ಅತ್ತೆಗೆ ಈ ಕೊಳವೆಯ ವಿಷಯ ಗೊತ್ತಿರಲಿಲ್ಲ. ಅಷ್ಟು ಚೆನ್ನಾಗಿ ಹೊಲಿದು ತೋರಿಸಿದ ಗುಂಡಿಯನ್ನು ಒಮ್ಮೆ ಜಗ್ಗಿ ನೋಡಿ, ಕತ್ತರಿ ತೆಗೆದುಕೊಂಡು ತಾವೇ ಬಿಚ್ಚಿದರು. ಉಳಿದ ನಾಲ್ಕನ್ನೂ ಬಿಚ್ಚಿದರು. ಮುಂಭಾಗವನ್ನು ಎದೆಯವರೆಗೆ ಉಣ್ಣೆಯಲ್ಲೇ ಕೂಡಿಸಿ, ತಲೆಯ ಮೇಲಿಂದ ಹಾಕುವ ಹಾಗೆ ಮಾಡಿಕೊಟ್ಟರು. "ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋ ವಯಸ್ಸು. ಈಗ ಅದಕ್ಕೆ ಬೇಕಾಗಿರೋದು ಬೆಚ್ಚಗಿರೋದು. ಗುಂಡಿ ಬೇಕಾಗಿದ್ದು ನಿಂಗೆ."

ಆ ಮಾತು ನಾಟಿತು. ಕೊಡುವ ಕೈಗೆ ತನ್ನ ಗುರುತು ಕಾಣಬೇಕೆಂಬ ಆಸೆ. ಪ್ರೀತಿಯೆಂದು ನಾನು ಸಿಕ್ಕಿಸಿದ್ದರಲ್ಲಿ ಎಷ್ಟು ಆ ಮಗುವಿಗೆ ಬೇಕಿತ್ತು, ಎಷ್ಟು ನನ್ನ ಹೊಗಳಿಕೆಗೆ ಬೇಕಿತ್ತು?

ಮಗುವಿಗೆ ಮೂರು ತುಂಬಿದ ಮೇಲೆ ಮುಂಭಾಗದ ಹೊಲಿಗೆ ಬಿಚ್ಚಿ, ಐದೂ ಗುಂಡಿಗಳನ್ನು ಅತ್ತೆ ತೋರಿಸಿದ ಹಾಗೆಯೇ ಹಾಕಿದೆ. ಅಷ್ಟರಲ್ಲಿ ತೋಳಿನ ಮಡಿಕೆಗಳೆಲ್ಲ ಬಿಚ್ಚಿಕೊಂಡಿದ್ದವು. ಅತ್ತೆ ಇರಲಿಲ್ಲ, ಬಿಸ್ಕತ್ತಿನ ಡಬ್ಬಿ ನನ್ನ ಪಾಲಿಗೆ ಬಂದಿತ್ತು. ಮುಂದಿನ ಮಳೆಗಾಲಕ್ಕೆ ಎರಡು ಬಾತುಕೋಳಿಗಳು ಬಣ್ಣ ಬಿಟ್ಟು ಸೀಳಿಹೋದವು. ಬದಲಿಸಲು ದಾರ ಕತ್ತರಿಸಿದಾಗ ಒಳಗಿನ ಬಿಳಿ ಗುಂಡಿಯೂ ಕೈಗೆ ಬಂತು. ಅದಕ್ಕೆ ಏನೂ ಆಗಿರಲಿಲ್ಲ. ಅದನ್ನೇ ಮತ್ತೆ ಹಿಂದಿಟ್ಟು ಹೊಲಿಯುತ್ತಿದ್ದೆ.

ಮಗು ಪಕ್ಕದಲ್ಲಿ ಕೂತು ಸ್ವೆಟರಿನ ಒಳಮೈ ತಿರುವಿ ನೋಡಿತು.

"ದೊಡ್ಡಮ್ಮಾ, ಇದ್ಯಾರ ಗುಂಡಿ?"

"ಅಜ್ಜನ ಶರ್ಟಿಂದು ಕಣೇ."

"ಕಾಣೋದೇ ಇಲ್ವಲ್ಲ?"

"ನಿಂಗೆ ಕಾಣ್ತಲ್ಲ," ಎಂದು ಬೆಂಕಿಕಡ್ಡಿಯನ್ನು ಎಳೆದುಕೊಂಡೆ.